ಭೂತಕನ್ನಡಿ ಕಟ್ಟಿದ ಕೆಂಪು ಚೀಟಿ

ವಿಮಾನ ರಿಪೇರಿ ಕಾರ್ಖಾನೆಯ ತಗಡು ವಿಭಾಗದಲ್ಲಿ ಅವಳನ್ನು ಎದುರಿಗೆ ಎಲ್ಲರೂ ‘ಅಮ್ಮ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಭೂತಕನ್ನಡಿ’ ಅನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಎರಡನೆಯ ಹೆಸರೇ ಅವಳಿಗೆ ಹೆಚ್ಚು ಇಷ್ಟ. ಆದರೆ ಹಾಗಂತ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದರಲ್ಲೂ ಯಾರಾದರೂ ಏನಾದರೂ ಲಾಭ ಹುಡುಕಿಕೊಂಡಾರು ಅನ್ನುವ ಅನುಮಾನ.

ಅನುಮಾನವೇ ಅವಳ ಕಸುಬು. ಬೇರೆಯವರು ತಗಡಿಗೆ ತಗಡು ಜೋಡಿಸಿ ರಿವೆಟ್ ಹೊಡೆದು ತಂದಿಡುತ್ತಾರೆ. ಇವಳು ಟಾರ್ಚ್ ಬಿಟ್ಟು, ಭೂತಕನ್ನಡಿ ಹಿಡಿದು, ಉಗುರಿನಲ್ಲಿ ಸವರಿ ಒಂದೊಂದೇ ರಿವೆಟ್ ನೋಡುತ್ತಾಳೆ. ಸರಿಯಿದ್ದರೆ ಕಾಗದದ ಮೇಲೆ ತನ್ನ ನಂಬರಿನ ಮೊಹರು ಒತ್ತುತ್ತಾಳೆ. ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುತ್ತಾಳೆ. ಆ ಕೆಂಪು ಚೀಟಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು: ಕಟ್ಟಿದವರು ಬಿಚ್ಚುವ ಹಾಗಿಲ್ಲ. ತಾನು ಕಟ್ಟಿದ್ದು ತಪ್ಪು ಅಂತ ಮರುಗಳಿಗೆಯಲ್ಲೇ ಹೊಳೆದರೂ, ಯಾಕೆ ತಪ್ಪು ಅಂತ ಬರೆದುಕೊಡಬೇಕು, ಇನ್ನೊಬ್ಬ ತಪಾಸಣೆಯವರು ಬಂದು ಹೊಸದಾಗಿ ನೋಡಿ ಬಿಚ್ಚಬೇಕು. ಇಲ್ಲದಿದ್ದರೆ ಮುಖ ನೋಡಿ, ದಾಕ್ಷಿಣ್ಯ ನೋಡಿ ಬಿಚ್ಚುವವರೇ ಜಾಸ್ತಿಯಾಗುತ್ತಾರೆ, ವಿಮಾನಕ್ಕೆ ದಾಕ್ಷಿಣ್ಯ ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷ ತಪಾಸಣೆಯಲ್ಲಿ ಕಳೆದ ಅವಳು ಒಂದೇ ಒಂದು ಸಲವೂ ಹಾಗೆ ಬರೆದುಕೊಟ್ಟಿರಲಿಲ್ಲ.

ಮನೆಯಲ್ಲೂ ಇದೇ ಕತೆ. ಹಾಲು ಬಂದರೆ ಮೂಸುವುದು, ಗ್ಯಾಸ್ ಆರಿಸಿದರೆ ಮೂರು ಸಲ ತಿರುಗಿ ಬಂದು ನೋಡುವುದು, ಅಂಗಡಿಯವನು ಎಂದಿಗಿಂತ ಹೆಚ್ಚು ನಕ್ಕರೆ ತಕ್ಕಡಿಯ ಕೆಳಗೆ ಬಗ್ಗಿ ನೋಡುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆಯನ್ನು ಅವಳಷ್ಟು ಅಕ್ಷರಶಃ ತೆಗೆದುಕೊಂಡವರು ಇನ್ನೊಬ್ಬರಿಲ್ಲ. ಗಂಡ ಬಸ್ ಡ್ರೈವರ್, ನಗುಮುಖದ ಮನುಷ್ಯ. “ಮದುವೆಗೆ ಮುಂಚೆ ನನ್ನನ್ನೂ ಟಾರ್ಚ್ ಬಿಟ್ಟು ನೋಡಿದ್ಲು, ಹೆಂಗೋ ಪಾಸಾದೆ” ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದ. “ಪಾಸ್ ಮಾಡಿದೀನಿ ಅಂತ ಯಾರು ಹೇಳಿದ್ರು?” ಅಂತ ಒಳಗಿನಿಂದ ಉತ್ತರ ಬರುತ್ತಿತ್ತು.

ಇಂಥವಳ ಬಳಿಗೆ ಒಂದು ದಿನ ತರಬೇತಿ ವಿಭಾಗದ ಯುವಕ ಬಂದ. ಮೂವತ್ತರ ಆಸುಪಾಸಿನವನು, ಅವನೂ ಮೊದಲು ಮೂರು ವರ್ಷ ತಪಾಸಣೆಯಲ್ಲಿದ್ದವನೇ. ಇಸ್ತ್ರಿ ಕೆಡದ ಅಂಗಿ, ಕೈಯಲ್ಲಿ ಯಾವಾಗಲೂ ಒಂದು ಪುಟ್ಟ ಪುಸ್ತಕ. ವಿಮಾನ ಉದ್ಯಮಕ್ಕೆ ಬರಬೇಕೆನ್ನುವ ವಿದ್ಯಾರ್ಥಿಗಳಿಗೂ, ಈಗಷ್ಟೇ ಕೆಲಸಕ್ಕೆ ಸೇರಿದ ಹೊಸಬರಿಗೂ ಊರಿನ ದೊಡ್ಡ ಸಭಾಂಗಣದಲ್ಲಿ ವೃತ್ತಿ ದಿನ ಅಂತ ಒಂದು ನಡೆಯುತ್ತದಂತೆ. ಹತ್ತಾರು ಕಂಪನಿಗಳು ಮೇಜು ಹಾಕಿ ಕೂರುತ್ತವಂತೆ. ನಮ್ಮ ಕಾರ್ಖಾನೆಯ ಮೇಜಿಗೆ ಅಮ್ಮನೇ ಬರಬೇಕಂತೆ.

“ನಾನ್ಯಾಕೆ?” ಅಂದಳು.

“ಮಕ್ಕಳು ತಾವು ಮಾಡಿದ ಕೆಲಸ ತರ್ತಾರಮ್ಮ. ಅದನ್ನ ನೋಡಿ ಹೇಳೋಕೆ ನಿಮ್ಮಂಥ ಕಣ್ಣು ಬೇರೆ ಯಾರಿಗಿದೆ?”

ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ, ಅವಳ ಅನುಮಾನ ಎದ್ದು ಕೂತಿತು. ಕೆಲಸಕ್ಕೆ ಸೇರಿದ ಮೂವತ್ತಾರು ವರ್ಷದಲ್ಲಿ ಯಾರೂ ಕರೆಯದ ಸಭೆಗೆ ಈಗ ಯಾಕೆ ಕರೆಯುತ್ತಾರೆ? ಅವಳ ಮಾತು ಮುಗಿಯುವ ಮೊದಲೇ ಇವನು ಪುಸ್ತಕದಲ್ಲಿ ಏನು ಗೀಚಿಕೊಳ್ಳುತ್ತಾನೆ? ವಯಸ್ಸಾಯಿತು, ಕಣ್ಣು ಮಂಜಾಯಿತು ಅಂತ ಮನೆಗೆ ಕಳಿಸುವ ಸಂಚಿಗೆ ಸಾಕ್ಷಿ ಕೂಡಿಹಾಕುತ್ತಿದ್ದಾನೆಯೇ? ಒಂದೂ ತಪ್ಪು ಮಾಡಬಾರದು ಅಂತ ಆವತ್ತೇ ನಿರ್ಧರಿಸಿದಳು.

ಹೊರಡುವಾಗ ಅವನು ಇನ್ನೊಂದು ಮಾತು ಸೇರಿಸಿದ. “ತಗಡು ವಿಭಾಗಕ್ಕೆ ಈ ಸಲ ಒಂದೇ ಒಂದು ಅಪ್ರೆಂಟಿಸ್ ಜಾಗ ಇದೆ. ಹೋದ ವರ್ಷ ಮೂರು ಜನ, ಬೇರೆ ಯಾರೋ ಮಾಡಿದ್ದನ್ನ ತಮ್ಮದು ಅಂತ ತಂದು ಸೇರಿಬಿಟ್ಟಿದ್ರು. ಸ್ವಲ್ಪ ಹುಷಾರಾಗಿ ನೋಡಿ.”

ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು.

ಆ ದಿನ ಬೆಳಿಗ್ಗೆ ಗಂಡ, “ಅಲ್ಲಿ ಬ್ಯಾಗು ಪೆನ್ನು ಎಲ್ಲ ಬಿಟ್ಟಿ ಕೊಡ್ತಾರಂತೆ ಕಣೇ, ನಂಗೊಂದು ತಗೊಂಡು ಬಾ” ಅಂದ. “ಬಿಟ್ಟಿ ಕೊಡೋರು ಸುಮ್ನೆ ಕೊಡಲ್ಲ ರೀ” ಅಂತ ಹೇಳಿ ಹೊರಟಳು.

ಸಭಾಂಗಣ ನೋಡಿದರೆ ಅವಳಿಗೆ ಎಲ್ಲಿ ನೋಡಿದರಲ್ಲಿ ಅನುಮಾನ. ಒಂದು ಮೂಲೆಯಲ್ಲಿ ಟೈ ಕಟ್ಟಿದವನೊಬ್ಬ ಕೈ ಕುಲುಕುವುದು ಹೇಗೆ ಅಂತ ಇಪ್ಪತ್ತು ಹುಡುಗರಿಗೆ ಕಲಿಸುತ್ತಿದ್ದ. ಕೈ ಕುಲುಕುವುದನ್ನೂ ಕಲಿಯಬೇಕಾದವರು ರೆಕ್ಕೆ ಜೋಡಿಸುವುದನ್ನು ಯಾವಾಗ ಕಲಿತಾರು? ಇನ್ನೊಂದು ಕಡೆ ತಮ್ಮ ಬಗ್ಗೆ ತಾವೇ ಒಂದು ಪುಟ ಬರೆದುಕೊಂಡು ಬಂದವರ ಸಾಲು, ಹಿರಿಯರು ಓದಿ ತಿದ್ದುತ್ತಿದ್ದರು. ತನ್ನನ್ನು ತಾನೇ ಹೊಗಳಿಕೊಂಡ ಕಾಗದವನ್ನು ತಿದ್ದಿದರೆ ಅದು ಇನ್ನಷ್ಟು ಚೆಂದದ ಸುಳ್ಳಾಗುತ್ತದೆ, ಅಷ್ಟೆ ಅಂದುಕೊಂಡಳು. ಸುಳ್ಳಲ್ಲದ ಹೊಗಳಿಕೆಯೂ ಇರಬಹುದು ಅಂತ ಅವಳಿಗೆ ಹೊಳೆಯಲಿಲ್ಲ. ಅಂಗಿಯ ಮಡಿಕೆ ಇನ್ನೂ ಬಿಚ್ಚದ, ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಆ ಮಕ್ಕಳ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೋ, ಅದೂ ಅವಳ ಕಣ್ಣಿಗೆ ಬೀಳಲಿಲ್ಲ.

ಅವಳ ಮೇಜಿನ ಪಕ್ಕದಲ್ಲಿ ಪರೀಕ್ಷೆಗೆಂದು ಒಂದು ಸ್ಟ್ಯಾಂಡ್ ನಿಲ್ಲಿಸಿದ್ದರು. ಸೊಂಟದೆತ್ತರಕ್ಕೆ ನಿಲ್ಲಿಸಿದ ತಗಡು, ಅದರ ಹಿಂದೆ ಸ್ಪ್ರಿಂಗಿಗೆ ಬಿಗಿದ ಉಕ್ಕಿನ ತುಂಡು. ಬಂದವರು ಎದುರಿಗೆ ನಿಂತು ಗಾಳಿಯ ಗನ್ ಹಿಡಿದು ರಿವೆಟ್ ಹೊಡೆದು ತೋರಿಸಬೇಕು. ಎಲ್ಲರೂ ಪಾಸಾಗಲಿ ಅಂತ ಗಾಳಿಯ ಒತ್ತಡ ಹೆಚ್ಚಿಸಿಟ್ಟಿರಬಹುದು ಅಂತ ಅವಳು ಮೀಟರನ್ನು ಮೂರು ಸಲ ನೋಡಿದಳು. ಒತ್ತಡ ಸರಿಯಾಗಿತ್ತು. ಸ್ಪ್ರಿಂಗಿನ ಕಡೆ ಮಾತ್ರ ಅವಳ ಕಣ್ಣು ಹೋಗಲೇ ಇಲ್ಲ.

ಹತ್ತು ಗಂಟೆಗೆ ಒಬ್ಬ ಹುಡುಗ ಬಂದ. ಅರಳು ಹುರಿದ ಹಾಗೆ ಮಾತು. “ನಮಸ್ಕಾರ ಆಂಟಿ, ನಂಗೆ ಬೇಕಾಗಿರೋದು ಎಂಜಿನ್ ಕಂಪನಿ, ಅವರು ಕೈಕೆಲಸ ಬರುತ್ತೆ ಅನ್ನೋ ಚೀಟಿ ನಿಮ್ಮಿಂದ ತರೋಕೆ ಹೇಳಿದಾರೆ” ಅಂತ ಮೊಬೈಲಿನಲ್ಲಿ ಒಂದು ತಗಡಿನ ಪ್ಯಾನೆಲ್ ತೋರಿಸಿದ. ದುಂಡಗಿನ ಒಂದು ಮೂಲೆ, ನಾಲ್ಕು ಸಾಲು ರಿವೆಟ್, ಮುತ್ತು ಪೋಣಿಸಿದ ಹಾಗಿತ್ತು. “ಇದು ನಾವು ಮಾಡಿದ್ದು ಆಂಟಿ!” ರಾಜಮಹಾರಾಜರ ಹಾಗೆ ‘ನಾವು’ ಅನ್ನುತ್ತಾನಲ್ಲ ಅಂತ ಅವಳಿಗೆ ಸಿಟ್ಟು ಬಂತು. ಸ್ಟ್ಯಾಂಡಿನ ಮುಂದೆ ನಿಲ್ಲಿಸಿದಳು. ನಾಲ್ಕು ರಿವೆಟ್ ಹೊಡೆದ, ನಾಲ್ಕೂ ಸರಿ. ವಿಧಿಯಿಲ್ಲದೆ ಚೀಟಿ ಕೊಟ್ಟಳು.

ಮಧ್ಯಾಹ್ನ ಒಬ್ಬಳು ಹುಡುಗಿ ಬಂದಳು. ಸಣ್ಣ ಆಳು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ಮಗುವಿನ ಹಾಗೆ ಅವುಚಿಕೊಂಡಿದ್ದಳು. ಬಿಚ್ಚಿದಳು. ದುಂಡಗಿನ ಒಂದು ಮೂಲೆ, ನಾಲ್ಕು ಸಾಲು ರಿವೆಟ್. ಬೆಳಿಗ್ಗೆ ಮೊಬೈಲಿನಲ್ಲಿ ಕಂಡದ್ದೇ ಪ್ಯಾನೆಲ್!

ಭೂತಕನ್ನಡಿಯ ಮೈಯೆಲ್ಲ ಕಣ್ಣಾಯಿತು. ಸಿಕ್ಕಿಬಿದ್ದಳು ಕಳ್ಳಿ!

“ಇದು ನಿನ್ನ ಕೆಲಸಾನಾ?”

“ಹೌದು ಮೇಡಂ. ಆದ್ರೆ ಅದು…”

“ಆದ್ರೆ ಗೀದ್ರೆ ಬೇಡ. ಹೌದೋ ಅಲ್ವೋ ಅಷ್ಟು ಹೇಳು.”

ಹುಡುಗಿ ನೆಲ ನೋಡಿದಳು. “ಹೌದು.”

ನೆಲ ನೋಡಿದ್ದು ಒಂದು ಅನುಮಾನ. ಎಡಗೈ ಮಣಿಕಟ್ಟು ನೀಲಿಗಟ್ಟಿತ್ತು. ಅಮ್ಮ ನೋಡಿದ್ದು ಕಂಡು ಹುಡುಗಿ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡಳು. ಅದು ಎರಡನೆಯದು. ಎಲ್ಲೋ ಜಗಳವಾಡಿ ಬಂದಿರಬೇಕು. ಮಾತಿಲ್ಲ ಕತೆಯಿಲ್ಲ, ಶುದ್ಧ ಗುಮ್ಮನಗುಸುಕ. ಮಾತಾಡಿದ ಹುಡುಗನ ಮೇಲೂ ಅನುಮಾನ, ಮಾತಾಡದ ಹುಡುಗಿಯ ಮೇಲೂ ಅನುಮಾನ ಅಂದರೆ ಮಕ್ಕಳು ಮಾಡುವುದಾದರೂ ಏನು? ಅದನ್ನು ಅವಳನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸ್ಟ್ಯಾಂಡಿನ ಮುಂದೆ ಹುಡುಗಿ ಗನ್ ಹಿಡಿದಳು. ಮೊದಲ ರಿವೆಟ್ ಓರೆಯಾಯಿತು. ಎರಡನೆಯದಕ್ಕೆ ಗನ್ ನೆಗೆದು ತಗಡಿಗೆ ಗಾಯವಾಯಿತು. ಮೂರನೆಯದೂ ಓರೆಯೇ.

“ಗನ್ ನಂಗೆ ಅಷ್ಟು ಅಭ್ಯಾಸ ಇಲ್ಲ ಮೇಡಂ.”

“ಗನ್ ಅಭ್ಯಾಸ ಇಲ್ಲದೋಳು ಇಂಥ ಪ್ಯಾನೆಲ್ ಮಾಡಿದ್ದು ಹೆಂಗಮ್ಮ? ಮಂತ್ರ ಹಾಕಿದ್ಯಾ?”

ಇಷ್ಟು ವರ್ಷ ರಿವೆಟ್‌ಗಳ ನಡುವೆ ಬಾಳಿದವಳಿಗೆ ಇಲ್ಲಿ ಒಂದು ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ. ಕಳ್ಳರನ್ನು ಹಿಡಿಯಲು ಹೊರಟವರಿಗೆ ಕಳ್ಳರೇ ಕಾಣುತ್ತಾರೆ. ‘ಬೇರೆಯವರ ಕೆಲಸವನ್ನು ತನ್ನದೆಂದು ತಂದಿದ್ದಾಳೆ’ ಅಂತ ಬರೆದು ಅರ್ಜಿಗೂ ಪ್ಯಾನೆಲ್ಲಿಗೂ ಕೆಂಪು ಚೀಟಿ ಕಟ್ಟಿದಳು.

“ಇನ್ನೊಂದ್ಸಲ ನೋಡಲ್ವಾ ಮೇಡಂ?”

“ಮುಂದಿನ ವರ್ಷ ಬಾ.”

“ಮುಂದಿನ ವರ್ಷಕ್ಕೆ ನಂಗೆ ವಯಸ್ಸು ಮೀರುತ್ತೆ. ಇದೇ ಕೊನೇದು” ಅಂದಳು ಹುಡುಗಿ. ಅಳಲಿಲ್ಲ, ಜಗಳವಾಡಲಿಲ್ಲ. ಖಾಲಿ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೊರಟುಹೋದಳು. ಕೆಂಪು ಚೀಟಿ ಬಿದ್ದ ವಸ್ತು ಸಂಜೆಯವರೆಗೆ ಮೇಜು ಬಿಟ್ಟು ಕದಲುವ ಹಾಗಿರಲಿಲ್ಲ, ಪ್ಯಾನೆಲ್ ಅಲ್ಲೇ ಉಳಿಯಿತು. ನಾಲ್ಕು ಗಂಟೆಗೆ ಅರ್ಜಿಗಳೆಲ್ಲ ಕಾರ್ಖಾನೆಗೆ ಹೋಗಬೇಕಿತ್ತು.

ಮೂರರ ಹೊತ್ತಿಗೆ ಜನ ಕಡಿಮೆಯಾದರು. ಅವಳಿಗೆ ಒಂದು ಯೋಚನೆ ಬಂತು. ಇದನ್ನು ಯಾವ ವರ್ಕ್‌ಶಾಪಿನಲ್ಲಿ ಮಾಡಿಸಿದ್ದಾಳೋ, ಹಿಂಬದಿಯಲ್ಲಿ ಅವರ ಗುರುತು ಇದ್ದೇ ಇರುತ್ತದೆ. ಹುಡುಕಿ ಬರೆದಿಟ್ಟರೆ ನಾಳೆ ಆ ಪುಸ್ತಕದವನು ತನ್ನ ತೀರ್ಪಿನಲ್ಲಿ ಹುಳುಕು ತೆಗೆಯಲಾರ. ಪ್ಯಾನೆಲನ್ನು ಮಗುಚಿ ಟಾರ್ಚ್ ಬಿಟ್ಟಳು.

ಗುರುತು ಇರಲಿಲ್ಲ. ರಿವೆಟ್‌ಗಳ ಬಾಲ ಇತ್ತು.

ರಿವೆಟ್ ಅಂದರೆ ಎದುರಿಗೆ ಕಾಣುವ ತಲೆಯಷ್ಟೇ ಅಲ್ಲ. ಎದುರಿನಿಂದ ಒಬ್ಬರು ಗನ್ನಿನಲ್ಲಿ ಹೊಡೆಯುವಾಗ, ಹಿಂದಿನಿಂದ ಇನ್ನೊಬ್ಬರು ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಬಾರ್ ಅನ್ನುತ್ತಾರೆ. ಏಟಿಗೆ ಬಾಲ ಅದರ ಮೇಲೆ ಚಪ್ಪಟೆಯಾಗಿ ಗುಂಡಿಯ ಹಾಗೆ ಕೂರುತ್ತದೆ. ಹಿಡಿದ ಕೈ ಕೂದಲೆಳೆಯಷ್ಟು ಅಲುಗಿದರೂ ಕೆಟ್ಟಿತು. ಇಲ್ಲಿ ಅರವತ್ತೆಂಟು ಬಾಲಗಳಿದ್ದವು, ಅರವತ್ತೆಂಟೂ ಒಂದೇ ಅಚ್ಚು. ದುಂಡು ಮೂಲೆಯ ಒಳಗಡೆ, ಎರಡು ಪಟ್ಟಿಗಳ ನಡುವಿನ ಕಿರಿದಾದ ಸಂದಿಯಲ್ಲಿ, ಕಣ್ಣಿಗೆ ಕಾಣದೆ ಕೈಯನ್ನು ಓರೆ ಮಾಡಿ ತೂರಿಸಿ ಹಿಡಿಯಬೇಕಾದ ಜಾಗದಲ್ಲೂ ಅಷ್ಟೇ ನೇರ. ಆ ಸಂದಿಯಲ್ಲಿ ಎಡಗೈ ಮಾತ್ರ ಹೋಗುತ್ತದೆ, ಅದೂ ಸಣ್ಣ ಕೈ. ಪ್ರತಿ ಏಟಿಗೂ ಬಾರ್ ಒದೆಯುತ್ತದೆ. ಒದೆತ ಬೀಳುವುದು ಮಣಿಕಟ್ಟಿಗೆ.

ಆ ನೀಲಿ ಅವಳಿಗೆ ಗೊತ್ತಿಲ್ಲದ್ದಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವಳು ಹನ್ನೊಂದು ವರ್ಷ ತಗಡಿನ ಹಿಂದೆ ಕೂತು ಬಾರ್ ಹಿಡಿದಿದ್ದಳು. ದೊಡ್ಡವರು ಯಾರಾದರೂ ನೋಡಲು ಬಂದರೆ ಗನ್ ಹಿಡಿದವನ ಬೆನ್ನು ತಟ್ಟಿ ಹೋಗುತ್ತಿದ್ದರು. ಹಿಂದೆ ಒಬ್ಬಳಿದ್ದಾಳೆ ಅಂತ ಒಬ್ಬರೂ ಕೇಳಿರಲಿಲ್ಲ. ಅದಕ್ಕಾಗಿ ಅವಳು ಎಷ್ಟು ಸಲ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದಳೋ! ಈಗ ತಾನೂ ಕೇಳಲಿಲ್ಲ. ಹುಡುಗ ‘ನಾವು’ ಅಂದಾಗ ಕೇಳಲಿಲ್ಲ, ಹುಡುಗಿ ‘ಆದ್ರೆ’ ಅಂದಾಗ ಬಾಯಿ ಮುಚ್ಚಿಸಿದಳು, ಸ್ಪ್ರಿಂಗಿಗೆ ಬಿಗಿದ ಬಾರ್ ಕಣ್ಣೆದುರೇ ಇದ್ದರೂ ಒಬ್ಬ ಮನುಷ್ಯರ ಜಾಗ ಖಾಲಿಯಿದೆ ಅಂತ ಹೊಳೆಯಲಿಲ್ಲ. ಅವಳಿಗೆ ನಾಚಿಕೆಯಾಯಿತು. ಕೂತಲ್ಲೇ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವಳು ಪ್ರಮಾಣಿಸಿ ನೋಡಿದ್ದು ಮೀಟರನ್ನು.

ಎದ್ದು ತರಬೇತಿಯವನ ಹತ್ತಿರ ಹೋದಳು. ಯಾರ ಮುಂದೆ ತಪ್ಪು ಕಾಣಬಾರದು ಅಂದುಕೊಂಡಿದ್ದಳೋ ಅವನ ಮುಂದೆಯೇ ನಿಂತು, “ನಾನು ತಪ್ಪು ಚೀಟಿ ಕಟ್ಟಿದೀನಿ. ಬರ್ಕೊಡ್ತೀನಿ. ನೀನು ಹೊಸದಾಗಿ ನೋಡ್ಬೇಕು” ಅಂದಳು.

ಅವನು ಗಡಿಯಾರ ನೋಡಿದ. “ನಾನು ನೋಡ್ತೀನಮ್ಮ. ಆದ್ರೆ ಹುಡುಗಿ ಎದುರಿಗಿರಬೇಕಲ್ಲ. ಎಲ್ಲಿದಾಳೆ?” ಅಂತ ಹೇಳಿ, ಎಂದಿನಂತೆ ಪುಸ್ತಕ ತೆರೆದು ಏನೋ ಬರೆದುಕೊಂಡ. ಏನು ಬರೆದ ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ, ಇವತ್ತಿಗೂ ಅವಳಿಗೆ ಅನುಮಾನವೇ.

ಐವತ್ತಾರರ ಮಂಡಿ ಹಿಡಿದುಕೊಂಡು ಓಡಿದಳು. ಹುಡುಗಿ ಬಸ್ ನಿಲ್ದಾಣದ ಕಲ್ಲಿನ ಮೇಲೆ, ಮಡಿಚಿದ ಬೆಡ್‌ಶೀಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಂದ ಬಸ್ಸುಗಳನ್ನೆಲ್ಲ ಬಿಟ್ಟಿದ್ದಳು ಅಂತ ಕಾಣುತ್ತದೆ. ಇವಳನ್ನು ಕಂಡು ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ.

“ಬಾ, ಇನ್ನೊಂದ್ಸಲ ನೋಡ್ತಾರೆ.”

“ಯಾಕೆ ಮೇಡಂ?” ಹುಡುಗಿಯ ಕಣ್ಣಲ್ಲಿ ಈಗ ಅನುಮಾನ. “ಯಾರಾದ್ರೂ ಏನಾದ್ರೂ ಹೇಳಿದ್ರಾ? ಮತ್ತೆ ಎಲ್ಲರೆದುರು ಕಳ್ಳಿ ಅನ್ನಿಸೋಕಾ?”

ಆ ಮಾತು ಅವಳಿಗೆ ಸರಿಯಾಗಿಯೇ ನಾಟಿತು. “ಯಾರೂ ಹೇಳಿಲ್ಲ. ಹಿಂದೆ ತಿರುಗಿಸಿ ನೋಡಿದೆ. ಗನ್ ಹೊಡೆದೋನು ಬೆಳಿಗ್ಗೆ ಬಂದಿದ್ದ ಹುಡುಗ, ಬಾರ್ ಹಿಡಿದೋಳು ನೀನು. ಮೊದಲೇ ನೋಡಬೇಕಾಗಿತ್ತು, ನೋಡಲಿಲ್ಲ. ತಪ್ಪು ನಂದು ಮಗಳೇ.”

ಹುಡುಗಿ ನಂಬಿದಳೋ ಬಿಟ್ಟಳೋ, ಬಂದಳಂತೂ ಬಂದಳು.

ಒಳಗೆ ಬಂದರೆ ಇನ್ನೊಂದು ಫಜೀತಿ. ಬಾರ್ ಹಿಡಿಯುವವಳು ಸಿಕ್ಕಳು, ಗನ್ ಹಿಡಿಯುವವರು ಯಾರು? ಮಾತಿನಮಲ್ಲ ಹುಡುಗ ಮೂರು ಬಿಟ್ಟಿ ಬ್ಯಾಗು ಹೆಗಲಿಗೇರಿಸಿಕೊಂಡು ಯಾವಾಗಲೋ ಜಾಗ ಖಾಲಿ ಮಾಡಿದ್ದ. ತರಬೇತಿಯವನು ನೋಡುವವನು, ನೋಡುವವರು ಮಾಡುವ ಹಾಗಿಲ್ಲ. “ನಾನು ಹೊಡೀತೀನಿ, ಬಾರ್ ಹಿಡೀತಿದ್ದ ಕಾಲದಲ್ಲಿ ಗನ್ನೂ ಹಿಡಿದಿದೀನಿ” ಅಂತ ಅಮ್ಮನೇ ಸೆರಗು ಸಿಕ್ಕಿಸಿದಳು. ಸ್ಪ್ರಿಂಗನ್ನು ಕಳಚಿದರು. ಹುಡುಗಿ ತಗಡಿನ ಹಿಂದೆ ಮಂಡಿಯೂರಿ ಕೂತಳು.

ಎದುರಿನವರಿಗೆ ಹಿಂದಿನವರು ಕಾಣುವುದಿಲ್ಲ, ಗನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅದಕ್ಕೇ ಆ ಕೆಲಸದವರಿಗೆ ಬಡಿತದ ಭಾಷೆಯೊಂದಿದೆ. ಹಿಂದಿನವರು ಬಾರಿನಿಂದ ಒಂದು ಸಲ ಬಡಿದರೆ ಇನ್ನೂ ಹೊಡಿ ಅಂತ. ಎರಡು ಸಲ ಬಡಿದರೆ ಸರಿಯಾಯಿತು ಅಂತ. ಮೂರು ಸಲ ಬಡಿದರೆ ಕೆಟ್ಟಿತು, ಕಿತ್ತು ಹಾಕು ಅಂತ.

“ಆರು ರಿವೆಟ್. ಆರೂ ಸರಿ ಬಂದ್ರೆ ಚೀಟಿ ಬಿಚ್ತೀನಿ. ಒಂದು ಕೆಟ್ಟರೂ ಇಲ್ಲ, ಸಮಯ ಇಲ್ಲ” ಅಂದ ತರಬೇತಿಯವನು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಮೊದಲನೆಯದು. ಎರಡು ಬಡಿತ. ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು. ಎರಡೆರಡೇ ಬಡಿತ. ಅವನು ಪ್ರತಿ ಸಲವೂ ಹಿಂದೆ ಹೋಗಿ ಬಗ್ಗಿ ನೋಡಿ ತಲೆಯಾಡಿಸಿ ಬಂದ. ಎಷ್ಟೋ ವರ್ಷದ ಮೇಲೆ ಗನ್ ಹಿಡಿದ ಅವಳ ತೋಳು ಬಿದ್ದು ಹೋಗುತ್ತಿತ್ತು. ಆರನೆಯದನ್ನು ಹೊಡೆದಳು. ಎದುರಿನಿಂದ ನೋಡಿದರೆ ಆರರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಕೂತಿತ್ತು. ಅರ್ಜಿ ಒಯ್ಯುವವರು ಆಗಲೇ ಬಂದು ನಿಂತಿದ್ದರು. ತರಬೇತಿಯವನು ರಿವೆಟಿನ ತಲೆಯನ್ನು ಬೆರಳಿನಲ್ಲಿ ಸವರಿ, “ಸಾಕು, ಆಯ್ತು ಬಿಡಿ” ಅಂತ ಹಿಂದೆ ಹೋಗದೆಯೇ ಕೆಂಪು ಚೀಟಿಯ ದಾರಕ್ಕೆ ಕೈ ಹಾಕಿದ.

ತಗಡಿನ ಹಿಂದಿನಿಂದ ಬಡಿತ ಕೇಳಿತು. ಒಂದು. ಎರಡು. ಮೂರು.

ಅವನ ಕೈ ದಾರದ ಮೇಲೇ ನಿಂತಿತು. “ಎದುರಿಂದ ಚೆನ್ನಾಗೇ ಇದೆಯಲ್ಲಮ್ಮ!”

“ಬಾರ್ ಜಾರ್ತು ಸರ್” ಅಂತ ಹಿಂದಿನಿಂದ ಹುಡುಗಿಯ ದನಿ ಬಂತು. “ಬಾಲ ಓರೆಯಾಗಿದೆ. ತೆಗೀಬೇಕು.” ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತರಬೇತಿಯವನು ಅಮ್ಮನ ಮುಖ ನೋಡಿದ. ಅಮ್ಮ ಗನ್ ಕೆಳಗಿಟ್ಟು ಡ್ರಿಲ್ ಎತ್ತಿಕೊಂಡು, ಆ ಚೆಂದದ ರಿವೆಟಿನ ತಲೆಯ ನಟ್ಟನಡುವೆ ಮೊನೆಯಿಟ್ಟಳು.

“ಒಂದ್ಸಲ ಹಿಂದೆ ಹೋಗಿ ನೋಡಲ್ವಾ?”

“ನೀನು ನೋಡು, ಅದು ನಿನ್ನ ಕೆಲಸ. ಹಿಂದೆ ಅವಳು ಇದಾಳಲ್ಲ, ನಾನ್ಯಾಕೆ ನೋಡ್ಲಿ?”

ಅವನು ಹಿಂದೆ ಹೋದ, ಬಗ್ಗಿದ, ಬಾಲ ನೋಡಿದ, ಹುಡುಗಿಯನ್ನು ನೋಡಿದ. ಅವನು ಈಚೆ ಬರುವಷ್ಟರಲ್ಲಿ ಅಮ್ಮ ರಿವೆಟನ್ನು ಕೊರೆದು ಕಿತ್ತಿದ್ದಳು. ಬಂದವನು ಅರ್ಜಿ ಒಯ್ಯುವವರ ಕಡೆ ತಿರುಗಿ, “ಎರಡು ನಿಮಿಷ ನಿಲ್ಲಿ” ಅಂದ. “ಆರೂ ಸರಿ ಬರಬೇಕು ಅಂದಿದ್ಯಲ್ಲ?” ಅಂದಳು ಅಮ್ಮ, ಇವನ ಮೇಲೂ ಅನುಮಾನ ಬಿಡದೆ. “ರಿವೆಟ್ ಹಾಕೋರು ನೂರು ಜನ ಸಿಗ್ತಾರಮ್ಮ, ತಮ್ಮ ಕೆಲಸಕ್ಕೇ ಮೂರು ಸಲ ಬಡಿಯೋರು ಸಿಗಲ್ಲ” ಅಂತ ಹೇಳಿ ಅವನು ಕೆಂಪು ಚೀಟಿಯ ಗಂಟು ಬಿಚ್ಚಿದ.

ಹುಡುಗಿ ಎದ್ದು ಬಂದು ಅರ್ಜಿ ಹೋಗುವುದನ್ನು ನೋಡುತ್ತಾ ನಿಂತಳು. ಆಮೇಲೆ ತಿರುಗಿ, “ರಿವೆಟ್ ಕಿತ್ತ ತೂತು ಹಂಗೇ ಇದೆ ಮೇಡಂ” ಅಂದಳು. ಇಬ್ಬರೂ ತಂತಮ್ಮ ಬದಿಗೆ ಹೋಗಿ ನಿಂತರು. ಅಮ್ಮ ಹೊಸ ರಿವೆಟ್ ಇಟ್ಟು ಹೊಡೆದಳು, ಕೈ ತಡೆದು ಕಾದಳು. ಎರಡು ಬಡಿತ ಕೇಳಿದ ಮೇಲೆ ಗನ್ನಿನ ಗಾಳಿ ಬಂದ್ ಮಾಡಿ, ಅಲ್ಲಿಂದಲೇ ಮನೆಗೆ ಹೊರಟಳು.